ಹೂಂ ಅನ್ನುವ ತನಕ

ಸುಣ್ಣದ ಗೆರೆಯ ಮೇಲೊಂದು ಇರುವೆ ಹೋಗುತ್ತಿದೆ, ಅದಕ್ಕೇನೂ ಅವಸರವಿಲ್ಲ, ಇಡೀ ಹಾಸನದ ಕ್ರೀಡಾಂಗಣ ಕೂಗುತ್ತಿದ್ದರೂ ಅದರ ಪಾಡಿಗೆ ಅದು, ನಾನು ಮಾತ್ರ ಕಟ್ಟಿದ ಬೂಟಿನ ಲೇಸನ್ನೇ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದೇನೆ — ರಿಲೇ ಓಟದಲ್ಲಿ ಮೂರನೆಯವಳು ನಾನು, ರಾಮನಾಥಪುರದ ಮೇಘಶ್ರೀ, ಕಾಲೇಜಿನಲ್ಲಿ ನನ್ನ ಅಡ್ಡಹೆಸರು ಬಿಡದವಳು. ಬೇಟನ್ ಬೀಳಿಸುವವರನ್ನು ಎಲ್ಲರೂ ಕಂಡಿದ್ದಾರೆ, ಕೊಡುವ ಹೊತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡು ಬಿಡಲೊಲ್ಲದವಳನ್ನು ಕಂಡಿದ್ದು ಇದೇ ಮೊದಲಂತೆ, ಹೋದ ಸಲ ಹೊಳೆನರಸೀಪುರದ ಕ್ರೀಡಾಕೂಟದಲ್ಲಿ ನಾಲ್ಕನೆಯವಳು ಪ್ರಾರ್ಥನಾ ಮುಂದಕ್ಕೆ ಎಳೆಯುತ್ತಾಳೆ, ನಾನು ಹಿಂದಕ್ಕೆ, ಓಟ ಹೋಗಿ ಹಗ್ಗಜಗ್ಗಾಟ, ನೋಡಿದವರಿಗೆ ಪುಕ್ಕಟೆ ನಗು, ನಮಗೆ ಕೊನೇ ಸ್ಥಾನ. ಅಗೋ ಅಲ್ಲಿ ನಮ್ಮ ಬದಲಿ ಓಟಗಾರ್ತಿ ಕವನಾ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾಳೆ, ಇವತ್ತೂ ಹಾಗೇ ಆದರೆ ನನ್ನ ಜಾಗ ಅವಳದು, ಕಾಲೇಜಿನಲ್ಲಿ ತೀರ್ಮಾನ ಆಗಿಹೋಗಿದೆ, ಆ ಹುಡುಗಿಗೆ ಮನಸ್ಸು ಗಟ್ಟಿಯಿಲ್ಲ ಅಂದರಂತೆ ಯಾರೋ, ಮನಸ್ಸು ಗಟ್ಟಿಯಿಲ್ಲವಂತೆ, ಗಟ್ಟಿಯಾಗಿದ್ದದ್ದೇ ತಪ್ಪಾಗಿದ್ದು. ಓಡುವುದು ಬಿಟ್ಟು ನಾನೇನು ಮಾಡಲಿ, ಓಡುವಾಗ ಇರುವ ಖುಷಿ ನನಗೆ ಉಣ್ಣುವಾಗಲೂ ಇಲ್ಲ — ಸುಳ್ಳೇಕೆ, ಅಜ್ಜಿಯ ಹುರುಳಿಕಾಳು ಬಸ್ಸಾರಿದ್ದರೆ ಉಣ್ಣುವಾಗಲೂ ಇದೆ. ಅಪ್ಪ ಬಂದಿದ್ದಾನೆ, ಮೇಲೆ ಗ್ಯಾಲರಿಯಲ್ಲಿ ಎಲ್ಲೋ, ನಾನು ಓಡುವುದನ್ನು ಅವನು ನೋಡುತ್ತಿರುವುದು ಇದೇ ಮೊದಲು, ಬೆಳಿಗ್ಗೆ ಬಸ್ಸಿಗೆ ಮುಂಚೆ ಬೂದಿ ಹಾಕಿ ಕೈ ತಿಕ್ಕಿದ್ದೇ ತಿಕ್ಕಿದ್ದು, ಹೊಗೆಸೊಪ್ಪಿನ ಅಂಟು ಹೋದರೆ ತಾನೆ, ಈ ಕೈ ಇಟ್ಕಂಡು ಎಂಗವ್ವ ಚಪ್ಪಾಳೆ ತಟ್ಟದು, ಅಂಟ್ಕಬುಡ್ತವೆ ಕಣ, ಅಂದ.

ಆ ಕೈ. ಶಶಿಕಿರಣ್ ಸರ್ ಕಣ್ಣು ಮುಚ್ಚು ಅಂದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಅದೊಂದೇ, ನಮ್ಮ ಕೋಚು ಪಾಪ, ಒಂದು ತಿಂಗಳು ನನ್ನ ಹಿಂದೆ ಬಿದ್ದಿದ್ದರು, ಉಸಿರು ಎಳ್ಕೋ, ಉಸಿರು ಬಿಡು, ಬೇಟನ್ ಬಿಡೋದನ್ನ ಮನಸ್ಸಲ್ಲೇ ನೋಡಮ್ಮ, ನೋಡಿದೆಯಾ, ನೋಡಿದೆ ಸರ್, ಏನು ಕಾಣ್ತು, ಏನೂ ಇಲ್ಲ ಸರ್ — ಹೊಗೆಸೊಪ್ಪನ್ನು ಕಾವು ಕೊಟ್ಟು ಬೇಯಿಸುವ ಮನೆಯ ಕತ್ತಲಲ್ಲಿ ಮೇಲಿನಿಂದ ಇಳಿದು ಬರುವ ಅಪ್ಪನ ಕೈ ಕಾಣ್ತು ಅಂತ ಹೇಗೆ ಹೇಳಲಿ, ನಗುವುದಿಲ್ಲವೇ. ಕೊನೆಗೆ ಅವರೇ ಊರಿಗೆ ಬಂದರು, ಸೊಪ್ಪಿನ ಕಾಲದಲ್ಲಿ ಮಗಳನ್ನು ಓಟಕ್ಕೆ ಕಳಿಸಿ ಅಂತ ಕೇಳಿಕೊಳ್ಳಲು, ಅಪ್ಪ ಆಗ ಬೇಯಿಸುವ ಮನೆಯ ಒಳಗೆ ಗಳುಗಳ ಮೇಲೆ ಅತ್ತೊಂದು ಕಾಲು ಇತ್ತೊಂದು ಕಾಲು ಇಟ್ಟು ನಿಂತಿದ್ದ, ಕೂತ್ಕಳಿ ಸಾ, ಇಷ್ಟು ಏರ್ಸ್ಬುಟ್ಟು ಬತ್ತೀನಿ, ನಾನು ಕೆಳಗೆ, ಅಜ್ಜಿ ಬಾಗಿಲಲ್ಲಿ, ಹಸಿ ಸೊಪ್ಪು ಕಟ್ಟಿದ ಕಡ್ಡಿ ಅಜ್ಜಿ ನನಗೆ ಕೊಡುವುದು, ನಾನು ಮೇಲಕ್ಕೆತ್ತುವುದು, ಅಪ್ಪ ಗಳುಗಳಿಗೆ ತೂಗುಹಾಕುವುದು, ಅವನು ಕೆಳಗೆ ನೋಡುವುದೇ ಇಲ್ಲ, ಕೈ ಮಾತ್ರ ಕೆಳಗೆ ಬರುತ್ತದೆ, ಕಪ್ಪಗೆ, ಅಂಟಂಟಾಗಿ, ಬೆರಳು ಬಿಡಿಸಿಕೊಂಡು, ಕಡ್ಡಿ ಮುಟ್ಟುತ್ತದೆ, ಹಿಡಿಯುತ್ತದೆ, ಹೂಂ ಅನ್ನುತ್ತಾನೆ, ಆಗ ನಾನು ಬಿಡುತ್ತೇನೆ. ಕೈ. ಹೂಂ. ಕೈ. ಹೂಂ. ಹೂಂ ಅನ್ನೋಗಂಟ ಬಿಡ್ಬ್ಯಾಡ ಕಣೇ, ಬಿದ್ದು ಸೊಪ್ಪು ಮುರುದ್ರೆ ಅರಾಜಲ್ಲಿ ಯಾವನು ಕೇಳಾನು, ಅಜ್ಜಿ ದೊಡ್ಡತಾಯಮ್ಮನ ಕಾನೂನು, ನಾನು ಲಂಗ ಹಾಕುತ್ತಿದ್ದ ಕಾಲದಿಂದ. ಸರ್ ಕಾಫಿ ಲೋಟ ಹಿಡಿದು ನಮ್ಮ ಕೈಗಳನ್ನೇ ನೋಡುತ್ತ ನಿಂತವರು ನಿಂತೇ ಇದ್ದರು, ಕಾಫಿ ಆರಿತು, ಕೆನೆ ಕಟ್ಟಿತು, ಆಮೇಲೆ ಇದ್ದಕ್ಕಿದ್ದಂತೆ ನಕ್ಕರು ನೋಡಿ, ಲೋಟ ಅಲ್ಲಾಡಿ ಅಂಗಿಯ ಮೇಲೆಲ್ಲ ಕಾಫಿ — ಅಯ್ಯೋ ಮೇಘಶ್ರೀ, ನಿನ್ನ ಮನಸ್ಸಿಗೆ ಏನೂ ಆಗಿಲ್ಲ ಕಣಮ್ಮ, ಸರಿಯಾಗಿರೋದನ್ನೇ ಕೂತ್ಕೊಂಡು ರಿಪೇರಿ ಮಾಡ್ತಿದ್ನಲ್ಲ ನಾನು, ಕೈ ಕಲ್ತಿದ್ದನ್ನ ಬಾಯಲ್ಲಿ ಹೇಳಿ ಮರೆಸೋಕಾಗುತ್ತಾ. ಅಜ್ಜಿಗೆ ಗಾಬರಿ, ಈ ಮೇಷ್ಟ್ರಿಗೆ ಏನಾಯ್ತೇ, ಸೊಪ್ಪಿನ್ ಗಾಟು ತಲೆಗೇರ್ತಾ.

ಮಾರನೇ ದಿನದಿಂದ ಹೊಸ ಪಾಠ, ನನಗಲ್ಲ, ಪ್ರಾರ್ಥನಾಗೆ, ಬೇಟನ್ ಕೈಗೆ ಸಿಕ್ಕಿದ ಕೂಡಲೇ ನೀನು ಹೂಂ ಅನ್ನಬೇಕು. ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪದ್ಮರಾಜಯ್ಯನವರ ಮಗಳು ಅವಳು, ಮೆಲ್ಲಗೆ ಮಾತಾಡಿ ಅಭ್ಯಾಸ, ಓಡ್ತಾ ಓಡ್ತಾ ಹೂಂ ಅನ್ನೋದಾ ಸರ್, ಎಮ್ಮೆ ಥರ, ಅಂದು ಮೊದಲು ಓಕೆ ಅಂದಳು, ನನ್ನ ಕೈ ಬಿಡಲಿಲ್ಲ, ಎಸ್ ಅಂದಳು, ಊಹೂಂ, ಆಮೇಲೆ ಸಿಟ್ಟು ಬಂದು ಹೂಂ ಕಣೇ ತಾಯಿ ಅಂದಳು, ಬೆರಳು ತಾವಾಗಿ ಬಿಚ್ಚಿಕೊಂಡವು, ಎಲ್ಲರೂ ಹುಲ್ಲಿನ ಮೇಲೆ ಬಿದ್ದು ಬಿದ್ದು ನಕ್ಕೆವು. ಆದರೆ ಇವತ್ತು ಈ ಗಲಾಟೆಯಲ್ಲಿ ಅವಳು ನಾಚಿಕೊಂಡರೆ, ನನಗೆ ಕೇಳಿಸದಿದ್ದರೆ — ಪಿಸ್ತೂಲು ಢಂ ಅಂತು, ಇರುವೆ ಎಲ್ಲಿ ಹೋಯಿತೋ, ಮೊದಲನೆಯವಳು ಕೊಟ್ಟಳು, ಎರಡನೆಯವಳು ಬರುತ್ತಿದ್ದಾಳೆ, ಬಂದಳು, ಹೊರಡು, ಹಿಂದೆ ನೋಡಬೇಡ, ಕೈ ಹಿಂದಕ್ಕೆ ಚಾಚು, ತಣ್ಣಗೆ ಬೇಟನ್ನು, ಹೂಂ ಅಂದೆ, ನಾನೇ ಅಂದುಬಿಟ್ಟೆ, ಅಭ್ಯಾಸಬಲ, ಈಗ ತಿರುವು, ಗಾಳಿ ಕಿವಿಯಲ್ಲಿ, ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ, ಅವುಗಳ ಪಾಡಿಗೆ ಅವು ಓಡುತ್ತಿವೆ, ಓಡಲಿ, ಎಷ್ಟು ಚೆಂದ ಓಡುತ್ತಿವೆ, ಪಕ್ಕದವಳ ಉಸಿರು ಹಿಂದೆ ಬಿತ್ತು, ಎದುರಿಗೆ ಪ್ರಾರ್ಥನಾಳ ಬೆನ್ನು, ಅವಳು ಹೊರಟಳು, ತಿರುಗಿ ನೋಡಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ ಯಾವಾಗ ಬಂತೇ ನಿನಗೆ, ಕೈ ಹಿಂದಕ್ಕೆ ಬಂತು, ಬೆರಳು ಬಿಡಿಸಿಕೊಂಡು, ಇಟ್ಟೆ, ಹಿಡಿದಳು, ಹಿಡಿದೇ ಇದ್ದೇನೆ ನಾನೂ, ಅನ್ನೇ, ಅನ್ನೇ —

ಹೂಂ!

ಎಮ್ಮೆಯೇ ನಾಚಬೇಕು, ಗ್ಯಾಲರಿ ಗೊಳ್ಳೆಂದಿತು, ನನ್ನ ಕೈ ಖಾಲಿ, ಎಂಥ ಸೊಗಸಾದ ಖಾಲಿ, ಅವಳು ಹೋದಳು, ಮುಂದೆ ಯಾರೂ ಇಲ್ಲ, ದಾರಕ್ಕೆ ಎದೆ ಕೊಟ್ಟವಳು ನಮ್ಮ ಪ್ರಾರ್ಥನಾನೇ, ನಾವು ರಾಜ್ಯ ಮಟ್ಟಕ್ಕೆ, ಕವನಾ ಓಡಿಬಂದು ನನ್ನ ಕೊರಳಿಗೇ ಜೋತುಬಿದ್ದಳು, ಶಶಿಕಿರಣ್ ಸರ್ ಹೂಂ ಹೂಂ ಹೂಂ ಅಂತ ಕುಣಿಯುತ್ತಿದ್ದಾರೆ, ಅಳು ಬರುತ್ತಿದೆ ನನಗೆ, ಬರಲಿ, ಗ್ಯಾಲರಿಯ ಗೋಡೆಯ ಹತ್ತಿರ ಹೋಗುತ್ತೇನೆ, ಅಪ್ಪಾ, ಎಲ್ಲಿದ್ದೀಯಪ್ಪಾ, ಅಷ್ಟೊಂದು ತಲೆಗಳ ನಡುವೆ ಕಂಬಿಯ ಮೇಲೆ ಬಾಗಿದ್ದಾನೆ, ಈ ಸಲ ನನ್ನನ್ನೇ ನೋಡುತ್ತಿದ್ದಾನೆ, ಮೇಲಿನಿಂದ ಇಳಿದು ಬರುತ್ತಿದೆ, ಕೊಡಲು ನನ್ನ ಹತ್ತಿರ ಕಡ್ಡಿಯಿಲ್ಲ, ಬೇಟನ್ನೂ ಇಲ್ಲ, ಬರಿಗೈ ಎತ್ತಿದರೆ ಅದನ್ನೇ ಹಿಡಿದುಕೊಂಡಿತು, ಎಷ್ಟು ಹೊತ್ತಾದರೂ ಹೂಂ ಅನ್ನುತ್ತಿಲ್ಲ ಅಪ್ಪ, ನಾನೂ ಬಿಡುತ್ತಿಲ್ಲ, ಕಪ್ಪಗೆ, ಅಂಟಂಟಾಗಿ, ಆ ಕೈ