ಬಾಲಕ್ಕೊಂದು ಆಸರೆ

"ಏ ಮಾಳಪ್ಪಾ, ಕೈ ಹಿಂದ ತಗೀ! ಒಂದು ಬೆರಳೂ ತಾಗಬಾರದಂತ ಹೇಳ್ಯಾರ."

ಲಕ್ಕಪ್ಪ ಗದರಿದ. ಸೆಲ್ಫಿಗೆಂದು ಹೆಲಿಕಾಪ್ಟರಿನ ಬಾಗಿಲಿಗೆ ಒರಗಿದ್ದ ಪಕ್ಕದ ಗದ್ದೆಯ ಮಾಳಪ್ಪ ಗೊಣಗುತ್ತ ಬದುವಿನಾಚೆ ಹೋಗಿ ಕುಳಿತ.

ಮೋಡ ಕವಿದು ಮುಂದಿನ ದಾರಿ ಕಾಣದಾದಾಗ ಆ ಹೆಲಿಕಾಪ್ಟರ್ ಅಕ್ಕಿಆಲೂರಿನ ಆಚೆ, ಭತ್ತ ಕೊಯ್ದು ಮುಗಿದಿದ್ದ ಲಕ್ಕಪ್ಪನ ಗದ್ದೆಯಲ್ಲಿ ಇಳಿದಿತ್ತು. ಅದರ ಪೈಲಟ್ ಸುಧಾರಾಣಿ ಹುಬ್ಬಳ್ಳಿ ಕಡೆಯ ಹುಡುಗಿ. ಲಕ್ಕಪ್ಪನ ಹೆಂಡತಿ ಅನ್ನವ್ವ ಅವಳ ಮುಖ ನೋಡಿದವಳೇ, "ಮಾರಿ ಬಾಡೇತಿ, ಬಿಸಿ ರೊಟ್ಟಿ ತಿನ್ನು ಬಾರವ್ವ" ಎಂದು ಮನೆಗೆ ಕರೆದೊಯ್ದಿದ್ದಳು. ಹೋಗುವಾಗ ಸುಧಾರಾಣಿ, "ಕಾಕಾ, ಇದನ್ನ ನಿಮ್ಮ ಮ್ಯಾಲೆ ಬಿಟ್ಟೇನ್ರಿ, ಯಾರೂ ಬೆರಳ ತಾಗಸಬಾರದು" ಎಂದಿದ್ದಳು.

"ನೊಣ ಕೂಡಾಕೂ ಬಿಡಂಗಿಲ್ರಿ" ಎಂದು ಲಕ್ಕಪ್ಪ ಮಾತು ಕೊಟ್ಟಿದ್ದ.

ನೊಣವೇನೋ ಕೂಡಲಿಲ್ಲ. ಆದರೆ ಅವನ ಕಣ್ಣು ಬಾಲದತ್ತ ಹೋಯಿತು. ಅದರ ತುದಿಯಲ್ಲಿ ಮಂಚದ ಹಲಗೆಯಷ್ಟು ಅಗಲದ ರೆಕ್ಕೆಯೊಂದು ಜೋತುಬಿದ್ದಿತ್ತು. ಇಳಿಯುವಾಗ ಮುರಿದಿರಬೇಕು, ಪಾಪ, ಆ ಹುಡುಗಿ ನೋಡಿಲ್ಲ. ಹಾಗೇ ಬಿಟ್ಟರೆ ಪೂರ್ತಿ ಕಿತ್ತು ಬಿದ್ದೀತು. ನಿಲ್ಲಿಸಿದ ಚಕ್ಕಡಿಯ ಮೂಕಿಗೆ ಆಸರೆ ಕೊಡುವ ಕವಲುಗೋಲು ಬದುವಿನ ಮೇಲೆಯೇ ಇತ್ತು. ಅದನ್ನು ತಂದ. ಬಣ್ಣ ತರಚೀತೆಂದು ತಲೆಯ ರುಮಾಲು ಬಿಚ್ಚಿ, ಮಡಚಿ ಕವಲಿಗಿಟ್ಟು, ಕೋಲನ್ನು ರೆಕ್ಕೆಯ ಅಡಿಗೆ ಮೆಲ್ಲಗೆ ಊರಿದ.

ಮೋಡ ಹರಿದ ಮೇಲೆ ಅನ್ನವ್ವನೊಡನೆ ಬಂದ ಸುಧಾರಾಣಿ ಹೆಲಿಕಾಪ್ಟರನ್ನು ಸುತ್ತಿ ನೋಡುತ್ತ ಬಾಲದ ಬಳಿ ಗಕ್ಕನೆ ನಿಂತಳು.

"ಇದನ್ನ ಯಾರು ಇಟ್ಟಾರ್ರಿ? ಇಲ್ಲಿ ಒಂಚೂರು ಸೊಟ್ಟಾಗಿದ್ರೂ ನಾ ಹಾರಂಗಿಲ್ಲ."

ಲಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬದುವಿನಾಚೆ ಮಾಳಪ್ಪ ಕಿಸಕ್ಕನೆ ನಕ್ಕ.

"ನಾನ ಇಟ್ಟೇನವ್ವಾ" ಎಂದಳು ಅನ್ನವ್ವ.

"ನೀವು ನನ್ನ ಮುಂದ ಕುಂತು ರೊಟ್ಟಿ ಬಡ್ಯಾಕತ್ತಿದ್ರಲ್ರಿ?"

ಸುಧಾರಾಣಿ ಕವಲಿನಲ್ಲಿದ್ದ ರುಮಾಲು ನೋಡಿದಳು. ಆಮೇಲೆ ಲಕ್ಕಪ್ಪನ ಬರಿ ತಲೆ ನೋಡಿದಳು.

"ತಪ್ಪಾತ್ರಿ. ಮುರದೈತಿ ಅಂತ ತಿಳದೆ" ಎಂದ ಅವನು.

ಅವಳು ಕೋಲು ತೆಗೆದು, ರೆಕ್ಕೆಯನ್ನು ಗೇಣುಗೇಣಾಗಿ ಸವರಿ ನೋಡಿ, ಒಳಗೆ ಹೋಗಿ ಕುಳಿತಳು. ಸ್ವಲ್ಪ ಹೊತ್ತಿಗೆ ರೆಕ್ಕೆ ತಾನಾಗಿ ಎದ್ದು ನೆಟ್ಟಗಾಯಿತು, ಮತ್ತೆ ಜೋತುಬಿತ್ತು. ಮಾಳಪ್ಪನ ನಗು ನಿಂತುಹೋಯಿತು.

"ಏನೂ ಆಗಿಲ್ಲ ಕಾಕಾ, ಒಂದು ಗೀರೂ ಬಿದ್ದಿಲ್ಲ" ಎಂದು ಸುಧಾರಾಣಿ ಇಳಿದು ಬಂದಳು. "ಅದು ಇರೋದ ಹಂಗ. ನಿಧಾನ ಹೋಗುವಾಗ ಮ್ಯಾಲಿನ ದೊಡ್ಡ ಪಂಖಾದ ಗಾಳಿ ಅದರ ಮ್ಯಾಲೆ ಬಡಿತೈತಿ. ಆವಾಗ ಅದು ನೆಟ್ಟಗ ಚಾಚಿ ಅಡ್ಡ ನಿಂತ್ರ ಬಾಲ ತಗ್ಗಿ ಮೂಗು ಮ್ಯಾಲೇಳತೈತಿ. ಅದಕ್ಕ ಜೋತು ಬೀಳತೈತಿ. ಓಟ ಸಿಕ್ಕಮ್ಯಾಲೆ ತಾನ ಎದ್ದು ನೆಟ್ಟಗಾಗತೈತಿ."

"ಅಂದ್ರ ನಮ್ಮ ಎತ್ತಿನಂಗ! ಓಟ ಕಿತ್ತಾಗ ಬಾಲ ಎತ್ತತಾವ" ಎಂದ ಲಕ್ಕಪ್ಪ.

"ಹಂಗ ತಿಳ್ಕೋರಿ" ಎಂದು ನಕ್ಕು, ರುಮಾಲಿನ ಧೂಳು ಕೊಡವಿ, ಎರಡೂ ಕೈಯಿಂದ ಅವನಿಗೆ ಕೊಟ್ಟಳು.

ಹುಲ್ಲು, ಹೊಟ್ಟು ಹಾರಿಸುತ್ತ ಹೆಲಿಕಾಪ್ಟರ್ ಮೇಲೆದ್ದಿತು. ರೆಕ್ಕೆ ಇನ್ನೂ ಜೋತೇ ಇತ್ತು. ಲಕ್ಕಪ್ಪ ರುಮಾಲು ಸುತ್ತಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದ. ಹೆಲಿಕಾಪ್ಟರ್ ಸವಣೂರಿನ ಕಡೆಗೆ ತಿರುಗಿ, ಕಾಗೆಯಷ್ಟಾಗಿ, ಜೋಳದ ಕಾಳಿನಷ್ಟಾಯಿತು.

"ಎತ್ತಿತೇನ ಅದು?" ಎಂದು ಕೇಳಿದ.

ಅನ್ನವ್ವನ ಕನ್ನಡಕ ಒಲೆಯ ಪಕ್ಕದಲ್ಲೇ ಉಳಿದಿತ್ತು. ಅವಳು ಹಣೆಗೆ ಕೈ ಅಡ್ಡ ಹಿಡಿದು, ಮುಗಿಲನ್ನು ಬಹಳ ಹೊತ್ತು ನೋಡಿದಳು.

"ಎತ್ತಿತು ನೋಡ್ರಿ. ನೆಟ್ಟಗಾತು."

ಲಕ್ಕಪ್ಪ ರುಮಾಲು ಕೊಡವಿ ತಲೆಗೆ ಸುತ್ತಿಕೊಂಡ.