ಸಹಿ ಮಾಡಿಟ್ಟ ಖಾಲಿ ಹಾಳೆ

ಡಾಕ್ಟರ್ ಸಿದ್ದಲಿಂಗ ಸಾಹೇಬರು ಶಾಸಕರಾಗಿ ಒಂಬತ್ತು ವರ್ಷವಾಗಿತ್ತು. ಅವರ ಕಾಂಪೌಂಡರ್ ನಬಿಲಾಲ ಆಪ್ತ ಸಹಾಯಕನಾಗಿಯೂ ಅಷ್ಟೇ ವರ್ಷ. ಹುದ್ದೆಯ ಹೆಸರು ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಮುದ್ದೇಬಿಹಾಳದ ದವಾಖಾನೆಯಲ್ಲಿದ್ದಾಗ ಸಾಹೇಬರು ಬೆಳಿಗ್ಗೆಯೇ ರಜೆ ಸರ್ಟಿಫಿಕೇಟುಗಳ ಮೇಲೆ ಸಾಲಾಗಿ ಸಹಿ ಜಡಿದು ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಯಾವ ಮಾಸ್ತರನಿಗೆ ಜ್ವರ, ಯಾವ ಗುಮಾಸ್ತನಿಗೆ ಭೇದಿ ಎಂದು ತುಂಬುವುದು ನಬಿಲಾಲನ ಪಾಲಿನ ಕೆಲಸ. ಶಾಸಕರ ಲೆಟರ್‌ಹೆಡ್ಡಿಗೂ ಅದೇ ಚಟ ಅಂಟಿತು. ಅಧಿವೇಶನಕ್ಕೆ ಹೊರಡುವ ಮುನ್ನ ಐವತ್ತು ಖಾಲಿ ಹಾಳೆಗೆ ಸಹಿ ಮಾಡಿಟ್ಟು ಹೋಗುವರು. ಹೊಟ್ಟೆ ಮುಟ್ಟಿ ನೋಡದೆ ಒಂದು ಗುಳಿಗೆಯನ್ನೂ ಬರೆಯದಿದ್ದ ಪುಣ್ಯಾತ್ಮರು!

ಅಂಥ ಹಾಳೆಯೊಂದು ಶಂಕರೆಪ್ಪನ ಕೈಸೇರಿತು. ನಬಿಲಾಲನ ಊರಿನಲ್ಲಿ ಸಾಹೇಬರಿಗೆ ಓಟು ಕೂಡಿಸುವವನೇ ಈ ಶಂಕರೆಪ್ಪ. ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮಗ ಬೀಸಿದ ಬಡಿಗೆ ತಾಗಿ ಇವನ ಹಣೆ ಉಗುರಿನಷ್ಟು ಸೀಳಿತ್ತು. ಅದನ್ನು ಭಾರೀ ಗಾಯವೆಂದು ಡಾಕ್ಟರು ಬರೆದುಕೊಟ್ಟರೆ ಆ ಚಿಕ್ಕಪ್ಪನ ಮಗನನ್ನು ಜೈಲಿಗೆ ಕಳಿಸಬಹುದಿತ್ತು. ಊರಿನ ಮೂವತ್ತು ಹಾಸಿಗೆಯ ಸರಕಾರಿ ಆಸ್ಪತ್ರೆಯಲ್ಲಿ ಅವತ್ತು ಡ್ಯೂಟಿಯಲ್ಲಿದ್ದವನು ಅರಿವಳಿಕೆ ಕೊಡುವ ಡಾಕ್ಟರ್ ಜುಲ್ಫಿಕರ. ಅವನು ಕಂಡದ್ದನ್ನು ಕಂಡಂತೆ ಬರೆದ, ಸಣ್ಣ ಗಾಯ ಅಂತ. ಶಂಕರೆಪ್ಪ ಉರಿಯುತ್ತ ಬಂದು ನಬಿಲಾಲನ ಮೇಜಿನ ಮುಂದೆ ಕೂತ. ನಬಿಲಾಲ ಬೆಂಗಳೂರಿಗೆ ಫೋನ್ ಹಚ್ಚಿದ.

“ನಿನಗ ತಿಳಿದಂಗ ಮಾಡು ನಬಿ,” ಎಂದು ಸಾಹೇಬರು ಫೋನ್ ಇಟ್ಟರು.

ನಬಿಲಾಲನಿಗೆ ತಿಳಿದದ್ದು ಇಷ್ಟೇ: ಎದುರಿಗೆ ಕೂತವನನ್ನು ನಗಿಸಿ ಕಳಿಸುವುದು. ಸಹಿ ಇದ್ದ ಹಾಳೆಯೊಂದನ್ನು ತೆಗೆದು, ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ವೈದ್ಯರನ್ನು ಇಂಡಿ ಕಡೆಗೆ ವರ್ಗಾಯಿಸಬೇಕೆಂದು ದುಂಡಗೆ ಬರೆದ. ಬರೆದು ಮುಗಿಸಿ ಶಂಕರೆಪ್ಪ ತರಿಸಿದ ಚಹಾವನ್ನೂ ಕುಡಿದ. ಹದಿನೈದು ದಿನಕ್ಕೆ ಜುಲ್ಫಿಕರ ಗಂಟುಮೂಟೆ ಕಟ್ಟಿದ. ಅವನ ಜಾಗಕ್ಕೆ ಇನ್ನೊಬ್ಬ ಬರಲಿಲ್ಲ.

ಮೂರು ತಿಂಗಳ ಮೇಲೆ ನಬಿಲಾಲನ ಮಗಳು ನಿಷತಳಿಗೆ ಹೆರಿಗೆ ಬೇನೆ ಕಾಣಿಸಿಕೊಂಡು ಅದೇ ಆಸ್ಪತ್ರೆಗೆ ಸೇರಿಸಿದರು. ಚೊಚ್ಚಲು. ಕೂಸು ಅಡ್ಡ ತಿರುಗಿತ್ತು. ಹೆರಿಗೆ ಡಾಕ್ಟರಮ್ಮ ಕೈಚೆಲ್ಲಿದಳು. ಕೊಯ್ಯಲು ತಾನಿದ್ದೇನೆ, ಆದರೆ ಬೆನ್ನಿಗೆ ಅರಿವಳಿಕೆ ಚುಚ್ಚುವವರು ಯಾರು, ವಿಜಯಪುರಕ್ಕೆ ಒಯ್ಯಿರಿ ಎಂದಳು. ಎರಡು ತಾಸಿನ ದಾರಿ. ನಿಷತಳ ತಾಯಿ ಪೀರಬಿ ಮಗಳ ಪಕ್ಕದಲ್ಲೇ ಕೂತಳು. ನಬಿಲಾಲ ಸಾಹೇಬರ ಬಳಿ ಓಡಿದ. ಅವತ್ತು ಸಾಹೇಬರು ಅದೇ ಊರಲ್ಲಿ ರಸ್ತೆಯ ಭೂಮಿಪೂಜೆಗೆ ಬಂದಿದ್ದರು. ಹಿಂದೆ ತಾವೇ ಬೆನ್ನಿಗೆ ಚುಚ್ಚಿ, ತಾವೇ ಕೊಯ್ದು, ನೂರಾರು ಕೂಸು ತೆಗೆದ ಕೈ ಅದು. ಒಂದೊಂದು ಸಲವೂ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವನು ನಬಿಲಾಲನೇ.

ಸಾಹೇಬರ ಕೊರಳಲ್ಲಿ ಹಾರವಿತ್ತು. ನಬಿಲಾಲ ಕಿವಿಯಲ್ಲಿ ಎಲ್ಲ ಹೇಳಿ, “ಸಾಹೇಬ್ರ, ನೀವ ಬರ್ರಿ. ಹತ್ತ ಮಿನಿಟಿನ ಕೆಲಸ. ಒಂದ ಸೂಜಿ,” ಅಂದ.

ಸಾಹೇಬರು ಅವನನ್ನು ಶಾಮಿಯಾನದ ಹಿಂದೆ ಕರೆದೊಯ್ದರು. ಒಂದು ಗಳಿಗೆ ಸೂಜಿ ಹಿಡಿದಂತೆ ಅವರ ಬೆರಳು ಆಡಿದವು, ನಬಿಲಾಲ ನೋಡಿದ. ಆಮೇಲೆ ಆ ಕೈ ಜೇಬಿಗೆ ಹೋಯಿತು.

“ಒಂಬತ್ತ ವರ್ಷ ಆತೋ ಸೂಜಿ ಹಿಡದು. ಹೆಚ್ಚುಕಡಿಮಿ ಆದ್ರ ಸಂಜೀಕ ಟಿವಿಯಾಗ ಬರ್ತೈತಿ. ಇಲೆಕ್ಷನ್ ಮುಂದ ಐತಿ. ನೀ ಅಂಬುಲೆನ್ಸ್ ಬಿಡು, ನಾ ಅಲ್ಲಿಗೆ ಫೋನ್ ಮಾಡ್ತೇನಿ.”

ಫೋನನ್ನೇನೋ ಮಾಡಿದರು, ಅಷ್ಟರ ಮಟ್ಟಿಗೆ ಮಾತಿನ ಮನುಷ್ಯ. ಅಂಬುಲೆನ್ಸ್ ಬಸವನಬಾಗೇವಾಡಿ ದಾಟುವಷ್ಟರಲ್ಲಿ ನಿಷತ ಚೀರುವುದನ್ನು ನಿಲ್ಲಿಸಿದ್ದಳು. ವಿಜಯಪುರದಲ್ಲಿ ಸತ್ತ ಕೂಸನ್ನು ತೆಗೆದರು, ಹರಿದಿದ್ದ ಗರ್ಭಚೀಲವನ್ನೂ ತೆಗೆದರು. ಗಂಡು ಕೂಸು. ಹುಡುಗಿಗೆ ಇಪ್ಪತ್ತೆರಡು ವರ್ಷ.

ಅವಳು ಮನೆಗೆ ಬಂದ ಮೂರನೆಯ ದಿನ ಸಾಹೇಬರು ಮಾತಾಡಿಸಲು ಬಂದರು. ಹಿಂದೆ ಹತ್ತು ಜನ, ಒಂದು ಕ್ಯಾಮೆರಾ. ಕುರ್ಚಿ ಹಾಕಿಸಿಕೊಂಡು ಕೂತು, ಈ ವ್ಯವಸ್ಥೆಗೆ ಧಿಕ್ಕಾರವಿರಲಿ, ಹಳ್ಳಿಯ ಆಸ್ಪತ್ರೆಗಳಲ್ಲಿ ಡಾಕ್ಟರಿಲ್ಲ, ಸದನದಲ್ಲಿ ಕೇಳಿಯೇ ಕೇಳುತ್ತೇನೆ ಎಂದರು. ಕಣ್ಣೂ ಒರೆಸಿಕೊಂಡರು. ಸುಳ್ಳಲ್ಲ, ನೀರು ಬಂದಿತ್ತು. ನಬಿಲಾಲನಿಗೆ ಮೈ ಉರಿದದ್ದು ಅದಕ್ಕೇ.

ನಿಷತ ಸಾಹೇಬರ ಕಡೆ ನೋಡಲೇ ಇಲ್ಲ. “ಅಪ್ಪಾ, ಜುಲ್ಫಿಕರ ಡಾಕ್ಟರನ್ನ ಇಲ್ಲಿಂದ ಯಾರು ತಗಸಿದ್ರು?” ಎಂದು ಕೇಳಿದಳು.

ಸಾಹೇಬರು ಗಡಿಯಾರ ನೋಡಿಕೊಂಡರು.

“ನಾನವ್ವಾ,” ಅಂದ ನಬಿಲಾಲ. “ಸಹಿ ಇವರದು. ಬರದಾಂವ ನಾನು.”

“ಪಾಪ, ದುಃಖದಾಗ ಏನೇನೋ ಮಾತಾಡಾಕತ್ತಾನ,” ಎನ್ನುತ್ತ ಸಾಹೇಬರು ಎದ್ದರು. ಹತ್ತು ಜನವೂ ಎದ್ದರು. ಪೀರಬಿ ಗಂಡನ ಮುಖವನ್ನು ಈಗಷ್ಟೇ ಮೊದಲ ಸಲ ಕಂಡಳೇನೋ ಎಂಬಂತೆ ನೋಡುತ್ತಿದ್ದಳು.

“ಇನ್ನ ನನ್ನ ಕಣ್ಣಮುಂದ ಬರಬ್ಯಾಡಪ್ಪಾ,” ಅಂದಳು ನಿಷತ. ಸಿಟ್ಟಿರಲಿಲ್ಲ ದನಿಯಲ್ಲಿ, ದಣಿವಿತ್ತು.

ನಬಿಲಾಲ ಹೊರಗೆ ಬಂದ. ಓಣಿಯಲ್ಲಿ ನಿಂತ. ಎತ್ತ ಹೋಗಬೇಕೋ ತಿಳಿಯಲಿಲ್ಲ. ಸಾಹೇಬರು ಕಾರಿನೊಳಗೆ ಕೂತು, ತಮ್ಮ ಪಕ್ಕದ ಸೀಟಿನ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ನಬಿಲಾಲ ಹೋಗಿ ಹತ್ತಿ ಕೂತ.