ಪಿನ್ನು ಕಿತ್ತ ಪತ್ರಗಳು

ಅಕ್ಕ ತನ್ನ ಕಾಗದಪತ್ರವನ್ನೆಲ್ಲ ಲೈಬ್ರರಿಗೆ ಕೊಡುತ್ತಾಳೆ ಎಂದು ಗೊತ್ತಾದ ದಿನದಿಂದ ಟೇಪಮ್ಮನಿಗೆ ಊಟ ರುಚಿಸಲಿಲ್ಲ. ಟೇಪಮ್ಮ ಅಕ್ಕನ ಒಬ್ಬಳೇ ತಂಗಿ. ಟೈಲರ್ ಅಂಗಡಿ ಮುಚ್ಚಿ ಹತ್ತು ವರ್ಷವಾದರೂ ಅಳತೆಯ ಟೇಪು ಕೊರಳಲ್ಲೇ ಇತ್ತು, ಅಡ್ಡಹೆಸರೂ ಉಳಿದಿತ್ತು.

ಅಕ್ಕ ಹೆಂಗಸರ ಆರೋಗ್ಯಕ್ಕಾಗಿ ಜೀವ ತೇಯ್ದವಳು. ಡಾಕ್ಟರ ಹತ್ತಿರ, ಗಂಡನ ಹತ್ತಿರ, ಹೆತ್ತಮ್ಮನ ಹತ್ತಿರವೂ ಬಾಯಿಬಿಟ್ಟು ಕೇಳಲಾಗದ್ದನ್ನು ಹೆಂಗಸರು ಹೆಸರು ಹಾಕದೆ ಅವಳಿಗೆ ಬರೆಯುತ್ತಿದ್ದರು. ಅಂಥ ಸಾವಿರಕ್ಕೂ ಹೆಚ್ಚು ಪತ್ರಗಳು ಹಿಂದಿನ ಕೋಣೆಯ ಎರಡು ಟ್ರಂಕುಗಳಲ್ಲಿದ್ದವು. ಅದರಲ್ಲೊಂದು ಟೇಪಮ್ಮನದು. ಎರಡನೇ ಹೆರಿಗೆಯಾದ ಮೇಲೆ, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಗೀಚಿ, ಗುಂಡಿ ಮಾರುವವಳ ಅಂಗಡಿಯ ವಿಳಾಸ ಕೊಟ್ಟು ಹಾಕಿದ್ದಳು. ಕೆಳಗಿನ ಮನೆಯ ಅಕ್ಕನಿಗೆ ಮಹಡಿಯ ತಂಗಿಯಿಂದ ಅಂಚೆಯಲ್ಲಿ ಕಾಗದ! ಉತ್ತರ ಬಂತು, ಅದರಲ್ಲಿದ್ದ ವ್ಯಾಯಾಮ ಮಾಡಿ ಗುಣವೂ ಆಯಿತು, ವಿಷಯ ಮಾತ್ರ ಹೊಟ್ಟೆಯಲ್ಲೇ ಉಳಿಯಿತು. ಯಾರಾದರೂ ಓದುವ ಮುಂಚೆ ಆ ಕಾಗದ ತೆಗೆದುಬಿಡಬೇಕು.

ಒಂದು ವಾರ ಹುಡುಕಿದಳು. ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಪತ್ರಗಳಿಗೆ ಚುಚ್ಚಿದ್ದ ಪಿನ್ನುಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದಳು. ತುಕ್ಕು ಹಿಡಿದ ಪಿನ್ನು ಕಂಡರೆ ಟೈಲರ್ ಕೈ ಸುಮ್ಮನಿರುವುದಿಲ್ಲ. ಕೊನೆಗೆ, ಕೆದಕಿದ ಗುರುತು ಕಾಣದಿರಲೆಂದು, ಎಲ್ಲವನ್ನೂ ಅಳತೆ ಪ್ರಕಾರ ಒಟ್ಟಿದಳು. ದೊಡ್ಡವು ಕೆಳಗೆ, ಚಿಕ್ಕವು ಮೇಲೆ.

ಲೈಬ್ರರಿಯವಳು ಬಂದು ಟ್ರಂಕು ತೆಗೆದವಳೇ ನೆಲದ ಮೇಲೆ ಕುಳಿತುಬಿಟ್ಟಳು.

“ಇಷ್ಟು ನೀಟಾಗಿ ಯಾರಮ್ಮಾ ಜೋಡಿಸಿದ್ದು?”

“ನಾನೇ. ಚೆನ್ನಾಗಿದೆಯಾ?”

“ಮುಗೀತು ನನ್ನ ಕಥೆ! ಇಟ್ಟವರು ಹೇಗಿಟ್ಟಿದ್ರೋ ಹಾಗೇ ಇರಬೇಕಮ್ಮಾ. ನಾವು ಧೂಳು ಒರೆಸೋಕೂ ಹತ್ತು ಸಲ ಯೋಚಿಸ್ತೀವಿ.”

ಆರಾಮ ಕುರ್ಚಿಯಿಂದ ಅಕ್ಕ ದನಿ ಎತ್ತಿದಳು. “ಪ್ರತಿ ಪ್ರಶ್ನೆ ಕಾಗದಕ್ಕೂ, ಅದೇ ತೊಂದರೆ ದಾಟಿ ಬಂದ ಇನ್ನೊಬ್ಬಳ ಕಾಗದ ಸೇರಿಸಿ ಪಿನ್ನು ಹಾಕ್ತಿದ್ದೆ. ಎರಡನೆಯವಳು ಬರೆದದ್ದರ ನಕಲು ಮೊದಲನೆಯವಳಿಗೆ ಹೋಗ್ತಿತ್ತು. ನಾನು ಬರೀ ಪೋಸ್ಟ್‌ಮ್ಯಾನ್ ಕಣಮ್ಮಾ. ಈಗ ನಮ್ಮ ಟೇಪಮ್ಮ ಎಲ್ಲರಿಗೂ ಡೈವೋರ್ಸ್ ಕೊಡಿಸಿದ್ದಾಳೆ.”

ಲೈಬ್ರರಿಯವಳು ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಎರಡು ತೂತು, ನಡುವೆ ತುಕ್ಕಿನ ಕಂದು ಗೆರೆ. ಟೇಪಮ್ಮನ ಟೈಲರ್ ಕಣ್ಣು ಸುಮ್ಮನಿರಲಿಲ್ಲ. ರಾಶಿಯಿಂದ ಇನ್ನೊಂದನ್ನು ಎಳೆದು ಮೇಲಿಟ್ಟಳು. ತೂತಿಗೆ ತೂತು ಕೂತಿತು, ಗೆರೆಗೆ ಗೆರೆ.

“ಅಯ್ಯೋ, ಅದು ಹೇಗೆ ಗೊತ್ತಾಯ್ತು?”

“ಪಟ್ಟೆ ಬಟ್ಟೆಯಲ್ಲಿ ತೋಳಿಗೂ ಮೈಗೂ ಪಟ್ಟೆ ಕೂರಿಸಿ ಕೂರಿಸಿ ಕಣ್ಣು ಸವೆದಿದೆ,” ಎಂದು ಟೇಪಮ್ಮ ಚಾಪೆ ಎಳೆದುಕೊಂಡಳು. ಜೋಡಿಸುವ ಕೆಲಸ ತನ್ನ ಕೈಯಲ್ಲಿದ್ದರೆ ತನ್ನ ಕಾಗದವೂ ಮೊದಲು ತನಗೇ ಸಿಗುತ್ತದೆ ಎಂಬ ಲೆಕ್ಕಾಚಾರವೂ ಒಳಗಿತ್ತು.

ಲೆಕ್ಕಾಚಾರ ನಾಲ್ಕನೇ ದಿನ ತಪ್ಪಿತು.

“ಇಲ್ಲಿ ಒಂದರೊಳಗೊಂದು ಮಡಿಸಿದ ಎರಡು ಹಾಳೆ ತೇವಕ್ಕೆ ಅಂಟಿಕೊಂಡಿವೆ,” ಎಂದ ಲೈಬ್ರರಿಯವಳು ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬಿಡಿಸಿ, ಒಳಗಿದ್ದದ್ದನ್ನು ಓದಿಯೇಬಿಟ್ಟಳು. “‘ಅಕ್ಕಾ, ನಕ್ಕರೆ ಸಾಕು, ಹನಿ ಹನಿ ಉಚ್ಚೆ ಹೋಗಿ ಬಟ್ಟೆ ಒದ್ದೆಯಾಗುತ್ತೆ. ನಮ್ಮ ಮನೆಯಲ್ಲೊಬ್ಬಳಿದ್ದಾಳೆ, ದಿನಾ ಜೋಕು ಹೇಳಿ ಪ್ರಾಣ ತೆಗೀತಾಳೆ. ಜೊತೆಗೆ ಊಟಕ್ಕೆ ಕೂರೋಕೂ ಹೆದರಿಕೆ.’ ಪಾಪ, ಯಾರೋ!”

“ಅದು ಹರಿದಿದೆ, ಇಲ್ಲಿ ಕೊಡಿ,” ಟೇಪಮ್ಮ ಕೈ ಚಾಚಿದಳು. ಅಷ್ಟರಲ್ಲಿ ಹಾಳೆ ಮಗುಚಿತ್ತು. ಬೆನ್ನಿಗೆ ಕೆಂಪು ಪೆನ್ಸಿಲ್‌ನಲ್ಲಿ ಅಕ್ಕನ ಅಕ್ಷರ: ‘ಮೂರು ತಿಂಗಳು ಇವಳೆದುರು ಜೋಕು ಬಂದ್.’

ಟೇಪಮ್ಮನಿಗೆ ಆ ವರ್ಷ ನೆನಪಾಯಿತು. ಮನೆ ತುಂಬ ನಗಿಸುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಹೆಡ್‌ಮಾಸ್ಟರ ಮುಖ ಹೊತ್ತು ಊಟಕ್ಕೆ ಕೂರತೊಡಗಿದ್ದಳು. ತನ್ನ ಮೇಲೇ ಮುನಿಸು ಎಂದುಕೊಂಡು ಟೇಪಮ್ಮನೂ ಮುಖ ಊದಿಸಿಕೊಂಡು, ಅಕ್ಕನ ಹೊಸ ರವಿಕೆಯನ್ನು ಬೇಕೆಂದೇ ಬಿಗಿಯಾಗಿ ಹೊಲಿದಿದ್ದಳು. ಅಕ್ಕ ಅದನ್ನೇ ತೊಟ್ಟು ಓಡಾಡಿದ್ದಳು.

“ನಿನಗೆ ಗೊತ್ತಿತ್ತಾ?”

“ಎಡಗೈಲಿ ಬರೆದರೂ ನಾಲ್ಕೂ ಕಡೆ ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟು ಬರೆಯೋಳು ಇನ್ಯಾರಿದ್ದಾರೆ ಕಣೇ?”

“ಒಂದು ಮಾತು ಹೇಳಬಾರದಿತ್ತಾ!”

“ಹೆಸರು ಹಾಕದವರ ಹೆಸರು ಕೇಳಬಾರದು ಅಂತ ನಾನೇ ಬೋರ್ಡ್ ಬರೆಸಿದ್ದೆ. ನಲವತ್ತು ಜೋಕು ಹೊಟ್ಟೆಯೊಳಗೇ ಕೊಳೀತು. ಮೇಲಿಂದ ಆ ರವಿಕೆ ಬೇರೆ, ಉಸಿರಾಡೋಕೆ ಬಿಡ್ತಿರಲಿಲ್ಲ.”

ಟೇಪಮ್ಮ ಉಕ್ಕಿ ಬಂದ ನಗುವಿಗೆ ಹಳೆಯ ಅಭ್ಯಾಸದಂತೆ ಕಾಲು ಬಿಗಿಹಿಡಿದಳು. ಏನೂ ಆಗಲಿಲ್ಲ. ಕಾಲು ಸಡಿಲ ಬಿಟ್ಟು ಇನ್ನಷ್ಟು ನಕ್ಕಳು.

ಲೈಬ್ರರಿಯವಳಿಗೆ ಎಲ್ಲ ಅರ್ಥವಾಗಿತ್ತು. ದನಿ ತಗ್ಗಿಸಿ ಹೇಳಿದಳು: “ಇದನ್ನ ನೀವೇ ಇಟ್ಕೊಳ್ಳಿ ಅಮ್ಮಾ. ಲೈಬ್ರರಿ ಪಟ್ಟಿಗೆ ಸೇರಿಸಲ್ಲ.”

ಟೇಪಮ್ಮ ಕಾಗದ ತೆಗೆದುಕೊಂಡಳು. ಇಷ್ಟು ದಿನ ಹುಡುಕಿದ್ದು ಕೊನೆಗೂ ಕೈಗೆ ಸಿಕ್ಕಿತ್ತು. ಅದಕ್ಕೆ ಅಂಟಿದ್ದ ಇನ್ನೊಂದನ್ನು ಓದಿದಳು. ‘ನನಗೂ ಹೀಗೇ ಆಗಿತ್ತು, ತಂಗೀ. ಈಗ ಹೊಟ್ಟೆ ತುಂಬ ನಗ್ತೀನಿ.’ ಆಗ ಉತ್ತರದಲ್ಲಿ ಬಂದಿದ್ದ ಅದೇ ಮಾತು, ಬರೆದವಳು ಯಾರೋ ಗುರುತಿಲ್ಲದವಳು. ಎರಡನ್ನೂ ಕೂಡಿಸಿ, ತೂತಿಗೆ ತೂತು ಹೊಂದಿಸಿ, ಲೈಬ್ರರಿಯವಳ ಮಡಿಲಿಗೆ ಹಾಕಿದಳು.

“ಜೋಡಿ ಬಿಡಿಸಬೇಡಿ. ಹಾಗೇ ಇಡಿ. ಕೆಂಪು ಪೆನ್ಸಿಲ್ ಇರೋ ಬದಿಯೂ ಎಲ್ಲರಿಗೂ ಕಾಣಬೇಕು.”

“ಹಾಗಾದ್ರೆ ಬಂದ್ ಮುಗೀತಾ?” ಅಕ್ಕ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. “ಆ ನಲವತ್ತರಲ್ಲಿ ಒಂದು ಹೇಳ್ಲಾ?”

“ಮೊದಲನೆಯದರಿಂದ ಶುರು ಮಾಡು,” ಎಂದು ಟೇಪಮ್ಮ ಚಾಪೆಯನ್ನು ಅವಳ ಕಾಲ ಬಳಿಗೆ ಎಳೆದಳು.